ಕಸದ ಬುಟ್ಟಿಗೆ ಬಿದ್ದ ಎರಡು ಚೀಟಿ

ಮೇಷ್ಟ್ರು ಒಬ್ಬರು ಮತ ಎಣಿಸುತ್ತಿದ್ದಾರೆ. ಹೈಸ್ಕೂಲಿನ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದಿದೆ. ಅವರಿಗಿಂತ ಮೊದಲು ಒಬ್ಬ ಹುಡುಗ ಎಣಿಸಿ ಮುಗಿಸಿದ್ದಾನೆ. ಒಂದೇ ಒಂದು ಮತದಿಂದ ಒಬ್ಬ ಹುಡುಗಿ ಗೆದ್ದಿದ್ದಾಳೆ. ಮೇಷ್ಟ್ರು ತಲೆ ಎತ್ತಿ ನೋಡುತ್ತಾರೆ. ಹುಡುಗಿಗೆ ಸುದ್ದಿಯ ಸುಳಿವು ಸಿಕ್ಕಿದೆ, ಬಾಗಿಲಾಚೆ ಖುಷಿಗೆ ಕುಣಿಯುತ್ತಿದ್ದಾಳೆ. ಆ ಕುಣಿತವನ್ನು ಅವರಿಗೆ ಸಹಿಸಲು ಆಗುವುದಿಲ್ಲ. ಅವಳಿಗೆ ಬಿದ್ದ ಎರಡು ಚೀಟಿಗಳನ್ನು ಮುದುರಿ ಕಸದ ಬುಟ್ಟಿಗೆ ಹಾಕುತ್ತಾರೆ. ಈಗ ಅವಳ ಎದುರಾಳಿ ಹುಡುಗ ಒಂದು ಮತದಿಂದ ಗೆದ್ದ.

ಇದು 'ಎಲೆಕ್ಷನ್' ಎಂಬ ಅಮೆರಿಕದ ಸಿನಿಮಾದ ದೃಶ್ಯ. 1999ರಲ್ಲಿ ಬಂದಿದ್ದು. ನಿರ್ದೇಶಕ ಅಲೆಕ್ಸಾಂಡರ್ ಪೇನ್. ಟಾಮ್ ಪೆರೋಟಾ ಬರೆದ ಕಾದಂಬರಿಯಿಂದ ತೆಗೆದ ಕಥೆ. ಡಾರ್ಕ್ ಕಾಮಿಡಿ, ಪೂರ್ತಿ ವಿಡಂಬನೆ. ಥಿಯೇಟರಿನಲ್ಲಿ ದುಡ್ಡು ಮಾಡಲಿಲ್ಲ, ಆದರೆ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಇವತ್ತಿಗೂ ಶಾಲೆಯ ಸಿನಿಮಾಗಳ ಮಾತು ಬಂದರೆ ಇದರ ಹೆಸರು ಬಂದೇ ಬರುತ್ತದೆ.

ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಸಂವಿಧಾನ, ಮತದಾನ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ವರ್ಷವಿಡೀ ಬೋರ್ಡಿನ ಮೇಲೆ ಬರೆಯುವವಳು. ಈ ಸಿನಿಮಾದ ಜಿಮ್ ಮೆಕ್ಯಾಲಿಸ್ಟರ್ ಮೇಷ್ಟ್ರು ಬರೆಯುವುದೂ ಅದನ್ನೇ. ನೀತಿ ಅಂದ್ರೆ ಏನು, ನೈತಿಕತೆ ಅಂದ್ರೆ ಏನು, ಎರಡಕ್ಕೂ ವ್ಯತ್ಯಾಸ ಏನು ಅಂತ ಕ್ಲಾಸಿನಲ್ಲಿ ಕೇಳುವವರು ಅವರೇ. ಮೂರು ಸಲ 'ವರ್ಷದ ಶಿಕ್ಷಕ' ಪ್ರಶಸ್ತಿ ತಗೊಂಡವರೂ ಅವರೇ. ಚೀಟಿ ಮುದುರಿದ್ದೂ ಅವರೇ.

ಈ ಸಿನಿಮಾ ಬಗ್ಗೆ ಮಾತಾಡುವವರು ಹೆಚ್ಚಾಗಿ ಹುಡುಗಿಯ ಬಗ್ಗೆ ಮಾತಾಡುತ್ತಾರೆ. ಅವಳ ಹೆಸರು ಟ್ರೇಸಿ ಫ್ಲಿಕ್. ರೀಸ್ ವಿದರ್‌ಸ್ಪೂನ್ ಮಾಡಿದ ಪಾತ್ರ. ಅಮೆರಿಕದಲ್ಲಿ ಆ ಹೆಸರು ಒಂದು ಬೈಗುಳದ ಹಾಗೆ ಆಗಿಬಿಟ್ಟಿದೆ. ರಾಜಕೀಯದಲ್ಲಿ ಯಾವುದಾದರೂ ಹೆಂಗಸು ತುಸು ಜೋರಾಗಿ ಮುಂದೆ ಬಂದರೆ 'ಇವಳೊಬ್ಬಳು ಟ್ರೇಸಿ ಫ್ಲಿಕ್' ಅನ್ನುತ್ತಾರೆ. ಹಿಲರಿ ಕ್ಲಿಂಟನ್ ಅವರನ್ನೂ ಬಿಡಲಿಲ್ಲ. ಅತಿಯಾಸೆಯ ಹುಡುಗಿ, ಎಲ್ಲರನ್ನೂ ತುಳಿದು ಮೇಲೆ ಹೋಗುವವಳು ಅಂತ ಅವಳಿಗೆ ಹಣೆಪಟ್ಟಿ.

ಸಿನಿಮಾವನ್ನು ಸಾವಧಾನವಾಗಿ ನೋಡಿ. ಆ ಹುಡುಗಿ ಮಾಡಿದ ತಪ್ಪು ಯಾವುದು? ಒಂದಿದೆ. ರಜೆಯ ದಿನ ಒಬ್ಬಳೇ ಶಾಲೆಯಲ್ಲಿ ಕೆಲಸ ಮಾಡುತ್ತಿರುವಾಗ ಅವಳ ಪೋಸ್ಟರ್ ಕಿತ್ತು ಬೀಳುತ್ತದೆ. ಸರಿಯಾಗಿ ಅಂಟಿಸಲು ಹೋಗಿ ಆಗದೆ ಸಿಟ್ಟು ನೆತ್ತಿಗೇರುತ್ತದೆ. ಎದುರಾಳಿಯ ಪೋಸ್ಟರುಗಳನ್ನೆಲ್ಲ ಹರಿದು ಹಾಕುತ್ತಾಳೆ. ಆಮೇಲೆ ನಾನಲ್ಲ ಅಂತ ಸುಳ್ಳು ಹೇಳುತ್ತಾಳೆ. ತಪ್ಪೇ. ಹೈಸ್ಕೂಲಿನ ಮಗು ಮಾಡುವ ತಪ್ಪು. ನಮ್ಮ ಶಾಲೆಯಲ್ಲಿ ಆಗಿದ್ದರೆ ಕರೆದು ಕೂರಿಸಿ, ಬೈದು, ಅವಳ ಕೈಯಲ್ಲೇ ಹೊಸ ಪೋಸ್ಟರ್ ಬರೆಸುತ್ತಿದ್ದೆವು. ಅಲ್ಲಿಗೆ ಮುಗಿಯಿತು.

ಉಳಿದಂತೆ ಅವಳು ಮಾಡಿದ್ದೇನು? ಎಲ್ಲರಿಗಿಂತ ಮೊದಲು ಬಂದು ಟೇಬಲ್ ಹಾಕಿದಳು. ಪೆನ್ನು, ಸಹಿ ಹಾಕುವ ಹಾಳೆ, ಬಂದವರಿಗೆ ಕೊಡಲು ಚ್ಯೂಯಿಂಗ್ ಗಮ್, ಎಲ್ಲ ನೀಟಾಗಿ ಜೋಡಿಸಿಟ್ಟಳು. ರಾತ್ರಿಯೆಲ್ಲ ಕೂತು ಕಪ್‌ಕೇಕ್ ಮಾಡಿ ಹಂಚಿದಳು. ಎದುರಿಗೆ ಯಾರೂ ನಿಲ್ಲದಿದ್ದಾಗಲೂ ಓಟು ಕೇಳಿದಳು. ಪಾಠಕ್ಕೆ ಮೊದಲೇ ಓದಿಕೊಂಡು ಬಂದಳು. ಮೇಷ್ಟ್ರು ಪ್ರಶ್ನೆ ಕೇಳಿದರೆ ಕೈ ಎತ್ತಿದಳು.

ಆ ಎತ್ತಿದ ಕೈ ಬಗ್ಗೆ ನನಗೆ ತುಂಬಾ ಹೇಳುವುದಿದೆ.

ಸಿನಿಮಾದ ಶುರುವಿನಲ್ಲೇ ಅದು ಬರುತ್ತದೆ. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಟ್ರೇಸಿಯ ಕೈ ನೆಟ್ಟಗೆ ಮೇಲೆ ಹೋಗುತ್ತದೆ. ಅವರು ನೋಡಿಯೂ ನೋಡದ ಹಾಗೆ ಬೇರೆಯವರನ್ನು ಕೇಳುತ್ತಾರೆ. ಅವರಿಗೆ ಉತ್ತರ ಗೊತ್ತಿಲ್ಲ. ಇನ್ನೊಬ್ಬರನ್ನು ಕೇಳುತ್ತಾರೆ. ಕೊನೆಗೆ ಬೇರೆ ದಾರಿಯಿಲ್ಲದೆ ಅವಳ ಹೆಸರು ಹೇಳುತ್ತಾರೆ. ಅವಳು ಬಾಯಿ ತೆರೆದ ಕೂಡಲೇ ಪರದೆ ನಿಂತುಬಿಡುತ್ತದೆ. ಅವಳ ಕಣ್ಣು ಅರ್ಧ ಮುಚ್ಚಿ, ಬಾಯಿ ಸೊಟ್ಟಗಾಗಿ, ಮುಖ ವಿಕಾರವಾಗಿರುವ ಕ್ಷಣದಲ್ಲಿ ಚಿತ್ರ ಸ್ತಬ್ಧ. ಆ ಚಿತ್ರದ ಮೇಲೆ ಮೇಷ್ಟ್ರ ದನಿ ಕೇಳುತ್ತದೆ. ಅಂದರೆ ಆ ವಿಕಾರ ಅವಳದಲ್ಲ. ಅವರು ನೋಡಿದ ರೀತಿ ಹಾಗಿದೆ. ಯಾರ ಮಾತನ್ನಾದರೂ ಸರಿಯಾಗಿ ಅರ್ಧಕ್ಕೆ ಕತ್ತರಿಸಿ ನಿಲ್ಲಿಸಿದರೆ ಮುಖ ಹಾಗೆಯೇ ಕಾಣುವುದು. ಒಂದು ಮಾತೂ ಆಡದೆ ನಿರ್ದೇಶಕ ಇದನ್ನು ಹೇಳಿರುವ ಜಾಣತನಕ್ಕೆ ನನ್ನ ಗೌರವ.

ಮುಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ಕೈ ಎತ್ತುವ ಹುಡುಗಿ ಪ್ರತಿ ಕ್ಲಾಸಿನಲ್ಲೂ ಒಬ್ಬಳು ಇರುತ್ತಾಳೆ. ಮೇಷ್ಟ್ರಾದವರಿಗೆ ಗೊತ್ತು. ಹಿಂದಿನ ಬೆಂಚಿನ ತುಂಟ ಹುಡುಗನ ಮೇಲೆ ನಮಗೆಲ್ಲ ಒಂದು ಪ್ರೀತಿ ಇರುತ್ತದೆ. ಅವನು ಬೈಸಿಕೊಂಡರೂ ನಮ್ಮವನು. ಈ ಹುಡುಗಿ ಹಾಗಲ್ಲ. ಅವಳಿಗೆ ಉತ್ತರ ಗೊತ್ತು. ಕೆಲವೊಮ್ಮೆ ನಮ್ಮ ಲೆಕ್ಕದಲ್ಲಿರುವ ತಪ್ಪೂ ಅವಳಿಗೆ ಗೊತ್ತು. ಸ್ಟಾಫ್ ರೂಮಿನಲ್ಲಿ ಅವಳ ಮಾತು ಬಂದರೆ ಶುರುವಾಗುತ್ತದೆ. 'ಅವಳದು ಬಾಯಿ ಜಾಸ್ತಿ.' 'ಎಲ್ಲದಕ್ಕೂ ತಾನೇ ಮುಂದೆ.' 'ಓದ್ತಾಳೆ ಸರಿ, ವಿನಯ ಇಲ್ಲ ನೋಡ್ರಿ.' ಹುಡುಗ ಇದೇ ರೀತಿ ಇದ್ದರೆ 'ಚುರುಕು' ಅನ್ನುತ್ತೇವೆ.

ಟ್ರೇಸಿಯ ಮನೆಯನ್ನು ಸಿನಿಮಾ ಸ್ವಲ್ಪವೇ ತೋರಿಸುತ್ತದೆ. ಅಪ್ಪ ಇಲ್ಲ. ಅಮ್ಮ ಒಬ್ಬಳೇ ಬೆಳೆಸಿದ್ದಾಳೆ. ಆ ಅಮ್ಮ ದೊಡ್ಡ ಸ್ಥಾನಕ್ಕೆ ಏರಿದ ಹೆಂಗಸರಿಗೆ, ಎಲಿಜಬೆತ್ ಡೋಲ್ ಅವರಂಥವರಿಗೆ, ಕಾಗದ ಬರೆಯುತ್ತಾಳೆ. ನೀವು ಹೇಗೆ ಮೇಲೆ ಬಂದಿರಿ, ನನ್ನ ಮಗಳಿಗೆ ಏನು ಬುದ್ಧಿ ಹೇಳುತ್ತೀರಿ ಅಂತ. ನಗಿಸಲು ಇಟ್ಟ ವಿಷಯ ಇದು. ನನಗೆ ನಗು ಬರಲಿಲ್ಲ. ಇಂಥ ತಾಯಂದಿರು ನಮ್ಮ ಪೋಷಕರ ಸಭೆಗೆ ಬರುತ್ತಾರೆ. ಶೇಂಗಾ ಕೀಳುವ ಕೂಲಿ ಬಿಟ್ಟು, ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟು, ಹೊಸಿಲ ಹತ್ತಿರವೇ ನಿಂತು ಕೇಳುತ್ತಾರೆ. 'ಟೀಚರ್, ನನ್ನ ಮಗಳು ಏನು ಓದಿದ್ರೆ ನಿಮ್ ತರ ಆಗ್ತಾಳೆ?' ಇದೂ ಅದೇ ಕಾಗದ.

ಮೇಷ್ಟ್ರ ಕಡೆಯ ಹುಡುಗ ಪಾಲ್. ಫುಟ್‌ಬಾಲ್ ಆಡುವವನು, ಶ್ರೀಮಂತರ ಮನೆಯವನು, ಕಾಲು ಮುರಿದುಕೊಂಡು ಸುಮ್ಮನೆ ಕೂತಿದ್ದಾನೆ. ಚುನಾವಣೆಯ ಯೋಚನೆ ಅವನ ಕನಸಲ್ಲೂ ಇಲ್ಲ. ಮೇಷ್ಟ್ರೇ ಕರೆದು, ಬೋರ್ಡಿನ ಮೇಲೆ ಸೇಬು, ಕಿತ್ತಳೆ ಬರೆದು, ಆಯ್ಕೆ ಇದ್ದರೇ ಪ್ರಜಾಪ್ರಭುತ್ವ ಅಂತ ಪಾಠ ಹೇಳಿ ನಿಲ್ಲಿಸುತ್ತಾರೆ. ಮಾತು ಸರಿಯಾದದ್ದೇ. ಒಬ್ಬರೇ ನಿಂತ ಚುನಾವಣೆ ಚುನಾವಣೆ ಅಲ್ಲ. ಆದರೆ ಅವರ ಮನಸ್ಸಿನಲ್ಲಿ ಇರುವುದು ಅದಲ್ಲ, ಈ ಹುಡುಗಿಯ ಕಾಲು ಕಟ್ಟಬೇಕು ಅನ್ನುವುದು. ಒಳ್ಳೆಯ ಮಾತನ್ನು ಕೆಟ್ಟ ಕೆಲಸಕ್ಕೆ ಬಳಸುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ. ಪಾಲ್ ಪಾಪ, ನಿಜಕ್ಕೂ ಒಳ್ಳೆಯವನು. ತನಗೆ ತಾನೇ ಓಟು ಹಾಕಿಕೊಳ್ಳುವುದು ಸರಿಯಲ್ಲ ಅಂತ ಟ್ರೇಸಿಗೆ ಹಾಕುತ್ತಾನೆ. ಅವಳು ಒಂದು ಓಟಿನಿಂದ ಗೆದ್ದಳಲ್ಲ, ಅದರ ಹಿಂದೆ ಅವನದೂ ಒಂದು ಚೀಟಿ ಇದೆ. ಪಾಲ್‌ನ ತಂಗಿ ಟ್ಯಾಮಿ ಮೂರನೆಯವಳಾಗಿ ನಿಂತು, ಈ ಚುನಾವಣೆಯಿಂದ ಯಾರಿಗೂ ಏನೂ ಆಗುವುದಿಲ್ಲ, ಓಟೇ ಹಾಕಬೇಡಿ ಅಂತ ಭಾಷಣ ಮಾಡುತ್ತಾಳೆ. ಇಡೀ ಶಾಲೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ. ಆ ಹುಡುಗಿಯ ಬಗ್ಗೆಯೇ ಬೇರೆ ಬರೆಯಬಹುದು.

ಈಗ ನಮ್ಮ ಕಡೆಯ ಮಾತು.

ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಹೊರಗಿನವರಿಗೆ ಇದು ಮಕ್ಕಳಾಟ. ನಮಗೆ ಹಬ್ಬ. ನಾಮಪತ್ರ ಸಲ್ಲಿಕೆ, ಪರಿಶೀಲನೆ, ವಾಪಸ್ ತೆಗೆದುಕೊಳ್ಳಲು ಸಮಯ, ಚಿಹ್ನೆ ಹಂಚಿಕೆ. ಪುಸ್ತಕ, ಗಡಿಯಾರ, ಚೆಂಡು, ಹೂವು. ಕೆಲವು ಶಾಲೆಗಳಲ್ಲಿ ಮೊಬೈಲಿಗೆ ವೋಟಿಂಗ್ ಮೆಷಿನ್ ಆ್ಯಪ್ ಹಾಕಿಕೊಂಡಿದ್ದಾರೆ, ಒತ್ತಿದರೆ ನಿಜದ ಮೆಷಿನ್ ಹಾಗೆಯೇ ಬೀಪ್ ಅನ್ನುತ್ತದೆ. ನಮ್ಮಲ್ಲಿ ಇನ್ನೂ ಚೀಟಿ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಮಡಚಿ, ಸ್ಕೇಲು ಇಟ್ಟು ಹರಿದು, ಹಿಂದೆ ಶಾಲೆಯ ಸೀಲು ಹಾಕುತ್ತೇವೆ. ಮಕ್ಕಳು ಸಾಲಿನಲ್ಲಿ ಬರುತ್ತಾರೆ. ಎಡಗೈ ತೋರುಬೆರಳಿಗೆ ಮಾರ್ಕರ್ ಪೆನ್ನಿನ ಗೆರೆ. ಎಂಟನೇ ಕ್ಲಾಸಿನವರು ಆ ಗೆರೆ ಅಳಿಸದಂತೆ ಕೈ ತೊಳೆಯದೆ ಊಟಕ್ಕೆ ಕೂರುತ್ತಾರೆ, ಬಿಸಿಯೂಟದ ಅಕ್ಕಂದಿರ ಕೈಲಿ ಬೈಸಿಕೊಳ್ಳುತ್ತಾರೆ.

ಇದನ್ನೆಲ್ಲ ನಡೆಸುವ ನಮಗೆ ಚುನಾವಣೆ ಹೊಸದಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆ ಬಂದರೆ ಡ್ಯೂಟಿಗೆ ಹೋಗುವವರು ನಾವೇ. ಮಸ್ಟರಿಂಗ್ ದಿನ ಮೆಷಿನ್ ಎತ್ತಿಕೊಂಡು ಯಾವುದೋ ಊರಿಗೆ ಹೋಗಿ, ಮತಗಟ್ಟೆಯಲ್ಲೇ ಮಲಗಿ, ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿಸಿ, ಅದನ್ನು ಅಳಿಸಿ, ಸೀಲು ಹಾಕಿ ಶುರು ಮಾಡುತ್ತೇವೆ. ಸಂಜೆ 17ಸಿ ಫಾರಂ ತುಂಬಿ ಒಂದು ಮತವೂ ಹೆಚ್ಚು ಕಡಿಮೆ ಆಗದಂತೆ ಲೆಕ್ಕ ಕೊಟ್ಟು, ಮೆಷಿನ್ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಮುಗಿಯುವವರೆಗೂ ಉಸಿರು ಬಿಗಿ ಹಿಡಿದಿರುತ್ತೇವೆ. ಗುರುತು ಪರಿಚಯ ಇಲ್ಲದವರ ಓಟನ್ನು ಅಷ್ಟು ಜೋಪಾನ ಮಾಡುವ ನಾವು ನಮ್ಮದೇ ಮಕ್ಕಳ ಓಟಿನ ಹತ್ತಿರ ಬಂದಾಗ ಸಡಿಲ ಆಗಿಬಿಡುತ್ತೇವೆ. 'ಮಕ್ಕಳದು ತಾನೇ' ಅನ್ನುತ್ತೇವೆ.

ನಾವು ಯಾರೂ ಚೀಟಿ ಮುದುರಿ ಬುಟ್ಟಿಗೆ ಹಾಕಿಲ್ಲ. ಹಾಕುವ ಪ್ರಮೇಯವೇ ಬರುವುದಿಲ್ಲ. ನಾಮಪತ್ರಕ್ಕೆ ಮೊದಲೇ ಕೆಲಸ ಮುಗಿದಿರುತ್ತದೆ. ನಾನು ನೋಡಿದ ಶಾಲೆಗಳಲ್ಲಿ ಇದು ಒಂದು ವಾಡಿಕೆ. ಸ್ಟಾಫ್ ಮೀಟಿಂಗಿನಲ್ಲಿ ಚಹಾ ಕುಡಿಯುತ್ತಾ ಮಾತಾಗುತ್ತದೆ. ನಾಯಕ ಹುಡುಗ ಇರಲಿ, ಉಪನಾಯಕಿ ಹುಡುಗಿ ಇರಲಿ. ಕ್ರೀಡಾ ಮಂತ್ರಿ ಹುಡುಗ. ಆರೋಗ್ಯ, ಸ್ವಚ್ಛತೆ, ಸಾಂಸ್ಕೃತಿಕ ಎಲ್ಲ ಹುಡುಗಿಯರು. ಕೇಳಲು ಸಮಾನವಾಗಿ ಹಂಚಿದ ಹಾಗೆ ಇದೆ. ಯಾರಿಗೂ ಅನ್ಯಾಯ ಮಾಡುವ ಉದ್ದೇಶವೂ ಇಲ್ಲ. ಆದರೆ ಮೇಲಿನ ಕುರ್ಚಿ ಪ್ರತಿ ಸಲ ಒಬ್ಬನಿಗೇ.

ಒಂದು ವರ್ಷ ಒಂಬತ್ತನೇ ಕ್ಲಾಸಿನ ಒಬ್ಬಳು ನೇರವಾಗಿ ನಾಯಕ ಸ್ಥಾನಕ್ಕೇ ಹೆಸರು ಕೊಟ್ಟಳು. ದೂರದ ಹಟ್ಟಿಯಿಂದ ಬರುವ ಹುಡುಗಿ. ಅಪ್ಪ ಲಾರಿ ಡ್ರೈವರ್. ನಾಮಪತ್ರದ ಹಾಳೆ ಮೇಲೆ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಹೆಸರು ಬರೆದು, ಇಬ್ಬರು ಸೂಚಕರ ಸಹಿ ಹಾಕಿಸಿ ತಂದಿದ್ದಳು. ನನ್ನ ಸಹೋದ್ಯೋಗಿಯೊಬ್ಬರು ಹಾಳೆ ನೋಡಿ, 'ಉಪನಾಯಕಿಗೆ ಮಾಡಿಬಿಡಮ್ಮ, ಅವಿರೋಧ ಆಗ್ತೀಯ' ಅಂದರು. ಅವಳು 'ಬೇಡ ಸರ್, ನಾನು ಇದಕ್ಕೇ ನಿಲ್ತೀನಿ' ಅಂದಳು. ಒಂದು ಪುಟ್ಟ ನೋಟ್‌ಬುಕ್ ಅವಳ ಕೈಯಲ್ಲಿತ್ತು. ಮೂರೂ ಕ್ಲಾಸಿಗೆ ಹೋಗಿ ಅದನ್ನೇ ಓದಿದಳು. ಕುಡಿಯುವ ನೀರಿನ ಟ್ಯಾಂಕಿಗೆ ಮುಚ್ಚಳ. ಹುಡುಗಿಯರ ಶೌಚಾಲಯಕ್ಕೆ ನೀರು. ಲೈಬ್ರರಿ ಬೀರುವಿನ ಬೀಗದ ಕೈ ವಾರಕ್ಕೊಮ್ಮೆ ಮಕ್ಕಳ ಕೈಗೆ. ಎದುರಿಗೆ ನಿಂತ ಹುಡುಗ ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದ. ಅವನನ್ನು ನಿಲ್ಲಿಸಿದವರು ಯಾರು ಅಂತ ಬೇರೆ ಹೇಳಬೇಕಿಲ್ಲ.

'ಅವಳಿಗೆ ಬಹಳ ಆಸೆ ಮೇಡಂ, ಈಗಲೇ ಕಡಿವಾಣ ಹಾಕಬೇಕು' ಅಂತ ಅವರು ನನಗೆ ಹೇಳಿದರು. 'ಏನಕ್ಕೆ ಸರ್?' ಅಂದೆ. 'ಬಿಡ್ರೀ ಮೇಡಂ, ನಿಮಗೆ ಗೊತ್ತಾಗಲ್ಲ' ಅಂದರು.

ಎಣಿಕೆ ಮಾಡಿದ್ದು ಸ್ಟಾಫ್ ರೂಮಿನಲ್ಲಿ. ಚೀಟಿಗಳನ್ನು ಟೇಬಲ್ ಮೇಲೆ ಸುರಿದು, ಚಿಹ್ನೆವಾರು ಕಟ್ಟು ಮಾಡಿ, ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿದೆವು. ಹುಡುಗಿಯರ ಓಟು ಅವಳಿಗೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಹುಡುಗಿಯರಲ್ಲೇ ಬಹಳ ಜನ ಅವನಿಗೆ ಹಾಕಿದ್ದರು ಅಂತ ಆಮೇಲೆ ಅವರ ಮಾತಿನಿಂದ ಗೊತ್ತಾಯಿತು. ಅವಳಿಗೆ ಜಂಬ ಅಂತೆ. ಆ ಮಾತು ಮಕ್ಕಳ ಬಾಯಿಗೆ ಎಲ್ಲಿಂದ ಬಂತು ಅಂತ ನಾನು ಬಹಳ ಯೋಚಿಸಿದೆ. ಕ್ಲಾಸಿನಲ್ಲಿ ಎತ್ತಿದ ಕೈಯನ್ನು ನಾವು ಹೇಗೆ ನೋಡುತ್ತೇವೋ ಮಕ್ಕಳೂ ಹಾಗೇ ನೋಡಲು ಕಲಿಯುತ್ತಾರೆ. ಒಂದು ವರ್ಷವಿಡೀ ಮೇಷ್ಟ್ರು ಅವಳ ಕೈ ಕಂಡಾಗ ಮುಖ ಗಂಟು ಹಾಕಿದ್ದನ್ನು ನೂರಾರು ಕಣ್ಣು ನೋಡಿರುತ್ತವೆ. ಆಮೇಲೆ ಚೀಟಿ ಮುದುರುವ ಅಗತ್ಯ ಯಾರಿಗೆ?

ಅವಳು ಸೋತಳು. ಎಣಿಕೆಯಲ್ಲಿ ಮೋಸ ಏನೂ ಆಗಿರಲಿಲ್ಲ.

ಇದೇ ಹುಡುಗಿಯರು ಮನೆಗೆ ಹೋದರೆ ಏನು ನೋಡುತ್ತಾರೆ? ನಮ್ಮ ರಾಜ್ಯದಲ್ಲಿ 2010ರಿಂದ ಗ್ರಾಮ ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರಿಗೆ. ಗೆದ್ದು ಅಧ್ಯಕ್ಷೆಯಾದ ಎಷ್ಟೋ ಜನ ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಆದರೆ ಎಷ್ಟೋ ಕಡೆ ಊರವರು 'ಅಧ್ಯಕ್ಷರೇ' ಅಂತ ಕರೆಯುವುದು ಅವರ ಗಂಡನನ್ನು. ಸಹಿ ಅವಳದು, ಮಾತು ಅವನದು. ಶಾಲೆಯಲ್ಲಿ ಉಪನಾಯಕಿಯಾಗಿ ಅಭ್ಯಾಸವಾದವಳಿಗೆ ಅದು ವಿಚಿತ್ರ ಅನ್ನಿಸುವುದೂ ಇಲ್ಲ.

ಚಿತ್ರದುರ್ಗದಲ್ಲಿ ಕೂತು ಮೇಷ್ಟ್ರ ಸಿನಿಮಾ ಬಗ್ಗೆ ಬರೆದು 'ನಾಗರಹಾವು' ಬಿಡಲು ಆಗುತ್ತದೆಯೇ? 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಸಿನಿಮಾ, ತ.ರಾ.ಸು. ಅವರ ಕಾದಂಬರಿಗಳಿಂದ ಬಂದ ಕಥೆ. ನಮ್ಮ ಕೋಟೆಯ ಬಂಡೆಗಳು ಅದರಲ್ಲಿ ಪಾತ್ರಗಳೇ. ಒನಕೆ ಓಬವ್ವನ ಹಾಡೂ ಅದರಲ್ಲೇ ಇದೆ. ಕೋಟೆ ನೋಡಲು ಬಂದವರು ಓಬವ್ವನ ಕಿಂಡಿ ಎಲ್ಲಿ ಅಂತ ಕೇಳಿದ ಮೇಲೆ ರಾಮಾಚಾರಿಯ ಜಾಗ ಎಲ್ಲಿ ಅಂತ ಕೇಳುತ್ತಾರೆ. ಅಶ್ವಥ್ ಅವರು ಮಾಡಿದ ಚಾಮಯ್ಯ ಮೇಷ್ಟ್ರು ಅಂದರೆ ನಮಗೆಲ್ಲ ಕಣ್ಣಿಗೆ ಒತ್ತಿಕೊಳ್ಳುವಂಥವರು. ನನಗೂ ಅಷ್ಟೇ. ಆ ಪ್ರೀತಿ ಸುಳ್ಳಲ್ಲ.

ಆದರೆ 'ಎಲೆಕ್ಷನ್' ನೋಡಿದ ಮೇಲೆ ಚಾಮಯ್ಯ ಮೇಷ್ಟ್ರನ್ನು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಮೇಷ್ಟ್ರ ಒಂದು ಮಾತಿಗೆ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ತ್ಯಾಗ ಮಾಡಿದವನು ಅವನು, ಮಾಡಿಸಿದವರು ಅವರು. ಅಲಮೇಲುವನ್ನು ಕೇಳಿದವರು ಯಾರು? ಅವಳ ಬಾಳು ಹಾಳಾಗುತ್ತದೆ. ಕೊನೆಗೆ ಮೇಷ್ಟ್ರೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಮಗುವಿಗೆ ಯಾವುದು ಒಳ್ಳೆಯದು ಅಂತ ತನಗೇ ಗೊತ್ತು ಎಂದು ನಂಬಿದ ಒಳ್ಳೆಯ ಮೇಷ್ಟ್ರು ಎಷ್ಟು ಹಾನಿ ಮಾಡಬಹುದು ಅಂತ ನಮ್ಮ ಕಥೆ ಆಗಲೇ ಹೇಳಿತ್ತು. ನಾವು ಅತ್ತು ಕೈ ಮುಗಿದೆವು. ಪೇನ್ ಅದೇ ಮೇಷ್ಟ್ರನ್ನು ಅಳು ತೆಗೆದು ತೋರಿಸಿದ್ದಾರೆ. ಅಳು ಹೋದರೆ ಹತ್ತಿರ ಹೋಗಿ ನೋಡಲು ಸಾಧ್ಯವಾಗುತ್ತದೆ. ವಿಡಂಬನೆಯ ಕೆಲಸ ಅದೇ ಅಂತ ನನ್ನ ನಂಬಿಕೆ.

ಜಿಮ್ ಮೇಷ್ಟ್ರು ದುಷ್ಟರಲ್ಲ. ಪಾತ್ರ ಮಾಡಿದ ಮ್ಯಾಥ್ಯೂ ಬ್ರಾಡರಿಕ್ ಮುಖದಲ್ಲೇ ಒಂದು ಸಭ್ಯತೆ ಇದೆ. ಮಕ್ಕಳಿಗಾಗಿ ಸಮಯ ಕೊಡುತ್ತಾರೆ, ಪಾಠ ಪ್ರೀತಿಯಿಂದ ಮಾಡುತ್ತಾರೆ. ಅದೇ ಹೊತ್ತಿಗೆ ಹೆಂಡತಿಗೆ ಮೋಸ ಮಾಡಲು ಹೊರಟು, ಜೇನುಹುಳ ಕಣ್ಣುರೆಪ್ಪೆಗೆ ಕಚ್ಚಿ, ಊದಿದ ಕಣ್ಣಿಟ್ಟುಕೊಂಡೇ ಮರುದಿನ ಮತ ಎಣಿಸಲು ಬರುತ್ತಾರೆ. ನ್ಯಾಯ ಹೇಳಬೇಕಾದ ಮನುಷ್ಯ ಒಂದೇ ಕಣ್ಣಲ್ಲಿ ನೋಡುತ್ತಿದ್ದಾನೆ. ಸಭಾಂಗಣದಲ್ಲಿ ನಗು ಬರಿಸುವ ದೃಶ್ಯ ಅದು. ತಮ್ಮ ಮನೆ, ಮದುವೆ, ವಯಸ್ಸು ಎಲ್ಲದರ ಸಂಕಟವನ್ನೂ ಒಬ್ಬ ಹುಡುಗಿಯ ಮೇಲೆ ಹಾಕಿ ಅದಕ್ಕೆ ಶಾಲೆಯ ಹಿತ ಅಂತ ಹೆಸರಿಟ್ಟುಕೊಂಡಿದ್ದಾರೆ.

ಈ ಸಿನಿಮಾದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಭಾಗ ಇದೆ. ಶುರುವಿನಲ್ಲೇ ಬರುತ್ತದೆ. ಜಿಮ್ ಅವರ ಗೆಳೆಯ, ಅದೇ ಶಾಲೆಯ ಲೆಕ್ಕದ ಮೇಷ್ಟ್ರು ಡೇವ್, ಟ್ರೇಸಿಯನ್ನು ಲೈಂಗಿಕವಾಗಿ ಬಳಸಿಕೊಂಡಿರುತ್ತಾನೆ. ಅವಳ ಅಮ್ಮನಿಗೆ ಗೊತ್ತಾಗುತ್ತದೆ. ಡೇವ್ ಕೆಲಸ ಹೋಗುತ್ತದೆ, ಹೆಂಡತಿ ಬಿಡುತ್ತಾಳೆ. ಇದನ್ನು ಸಿನಿಮಾ ಬೇಗ ಬೇಗ, ನಗೆಯ ಧಾಟಿಯಲ್ಲಿ ದಾಟಿಬಿಡುತ್ತದೆ. ಜಿಮ್ ಕಣ್ಣಿಗೆ ಇದು ಗೆಳೆಯನ ದುರಂತ. ಅವರಿಗೆ ಆ ಹುಡುಗಿಯ ಮೇಲೆ ಸಿಟ್ಟು ಬೇರೆ. ನಿನಗೆ ಏನಾಯಿತಮ್ಮಾ ಅಂತ ಅವಳನ್ನು ಯಾರೂ ಕೇಳುವುದಿಲ್ಲ. ಹೆಚ್ಚಾಗಿ ಜಿಮ್ ಕಣ್ಣಿನಿಂದ ಹೇಳಿದ ಕಥೆ, ಹಾಗಾಗಿ ಹೀಗಿದೆ ಅಂತ ಸಮರ್ಥನೆ ಕೊಡಬಹುದು. ನನಗೆ ಅದು ಸಾಲದು. ಕಥೆ ಇಲ್ಲಿ ಒಂದು ನಿಮಿಷ ನಿಲ್ಲಬೇಕಿತ್ತು.

ನಮ್ಮಲ್ಲಿ ಓದುವವರಲ್ಲಿ ಮೇಷ್ಟ್ರುಗಳೂ ಇದ್ದೀರಿ, ಅಪ್ಪ ಅಮ್ಮಂದಿರೂ ಇದ್ದೀರಿ. ಅದಕ್ಕೆ ಬಿಡಿಸಿ ಹೇಳುತ್ತೇನೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದವರ 'ಒಪ್ಪಿಗೆ'ಗೆ ಬೆಲೆಯೇ ಇಲ್ಲ. ತಪ್ಪು ಮಾಡಿದವನು ಶಾಲೆಯವನೇ ಆಗಿದ್ದರೆ ಶಿಕ್ಷೆ ಇನ್ನೂ ಹೆಚ್ಚು. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಈ ನಂಬರ್ ಪ್ರತಿ ಶಾಲೆಯ ಗೋಡೆ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಬೇಕು, ಮುಖ್ಯ ಶಿಕ್ಷಕರ ಕೊಠಡಿಯ ಒಳಗಲ್ಲ.

ಪೆರೋಟಾ ಅವರಿಗೂ ಈ ಹುಡುಗಿ ಬಿಟ್ಟು ಹೋಗಿರಲಿಲ್ಲ ಅನ್ನಿಸುತ್ತದೆ. 2022ರಲ್ಲಿ ಮತ್ತೆ ಅವಳ ಬಗ್ಗೆ ಕಾದಂಬರಿ ಬರೆದರು, 'ಟ್ರೇಸಿ ಫ್ಲಿಕ್ ಕಾಂಟ್ ವಿನ್'. ಅದರಲ್ಲಿ ಟ್ರೇಸಿ ನಡುವಯಸ್ಸಿನವಳು. ದೇಶ ಆಳುವ ಕನಸು ಕಂಡವಳು ಅಮ್ಮನ ಕಾಯಿಲೆಗೆ ಓದು ಬಿಟ್ಟು ಬಂದು ಒಂದು ಹೈಸ್ಕೂಲಿನ ಸಹಾಯಕ ಪ್ರಾಂಶುಪಾಲೆ ಆಗಿದ್ದಾಳೆ. ಚಿಕ್ಕವಳಿದ್ದಾಗ ಆ ಮೇಷ್ಟ್ರು ತನಗೆ ಮಾಡಿದ್ದನ್ನು ಈಗ ಹೊಸದಾಗಿ ನೋಡುತ್ತಾಳೆ. ತಡವಾಗಿಯಾದರೂ ಬರೆದರಲ್ಲ, ಒಳ್ಳೆಯದಾಯಿತು.

ಸಿನಿಮಾದಲ್ಲಿ ಜಿಮ್ ಸಿಕ್ಕಿಬೀಳುವುದು ಹೇಗೆ ಗೊತ್ತೇ? ಶಾಲೆಯ ಕಸ ಗುಡಿಸುವವನಿಂದ. ಮೊದಲಿನ ಒಂದು ದೃಶ್ಯದಲ್ಲಿ ಜಿಮ್ ಸ್ಟಾಫ್ ರೂಮಿನ ಫ್ರಿಜ್‌ನಲ್ಲಿದ್ದ ಹಳಸಿದ ಊಟವನ್ನು ಬುಟ್ಟಿಯತ್ತ ಎಸೆದು, ಅದು ಹೊರಗೆ ಚೆಲ್ಲಿದರೂ ನೋಡದೆ ಹೋಗುತ್ತಾರೆ. ಅವನು ಹಿಂದೆ ನಿಂತು ನೋಡುತ್ತಿರುತ್ತಾನೆ. ಕಡೆಗೆ ಬುಟ್ಟಿಯಿಂದ ಆ ಎರಡು ಚೀಟಿಗಳನ್ನು ಎತ್ತಿ ಪ್ರಾಂಶುಪಾಲರ ಮುಂದೆ ಇಡುವವನು ಅವನೇ. ಅವನಿಗೆ ಮಾತು ಹೆಚ್ಚಿಲ್ಲ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಪಾತ್ರ.

ಪ್ರತಿ ಶಾಲೆಯಲ್ಲೂ ಇಂಥವರು ಇರುತ್ತಾರೆ. ನಮ್ಮಲ್ಲಿ ಬಿಸಿಯೂಟದ ಅಕ್ಕಂದಿರು. ಅನ್ನದ ಗಂಜಿ ಬಸಿಯುತ್ತಲೇ ಯಾವ ಮಗು ಹಸಿದು ಬಂದಿದೆ, ಯಾರು ಅತ್ತಿದ್ದಾರೆ, ಯಾವ ಮೇಷ್ಟ್ರು ಯಾರಿಗೆ ಹೊಡೆದರು ಎಲ್ಲ ಅವರಿಗೆ ಗೊತ್ತಿರುತ್ತದೆ. ಆ ವರ್ಷ ಎಣಿಕೆ ಆಗುವಾಗ ಒಬ್ಬ ಅಕ್ಕ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಳು. ಫಲಿತಾಂಶ ಹೇಳಿದ ಮೇಲೆ ನನ್ನ ಹತ್ತಿರ ಬಂದು, 'ಮೇಡಮ್ಮೋರೆ, ಟ್ಯಾಂಕಿನ ಮುಚ್ಚಳದ ಮಾತು ಆಡಿದ್ದು ಆ ಹುಡುಗಿ ಒಬ್ಬಳೇ ಕಣ್ರೀ. ದಿನಾ ಅದರಲ್ಲಿ ಬಿದ್ದ ಎಲೆ ತೆಗೆಯೋಳು ನಾನು' ಅಂದಳು. ಅವಳಿಗೆ ಓಟಿದ್ದರೆ ಯಾರಿಗೆ ಹಾಕುತ್ತಿದ್ದಳು ಅನ್ನುವುದು ಸ್ಪಷ್ಟ ಇತ್ತು. ಮುಚ್ಚಳ ಆಮೇಲೆ ಬಂತು. ಆ ಹುಡುಗಿ ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದು, ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸಭೆಗೆ ಅದನ್ನು ಮುಟ್ಟಿಸಿ, ತರಿಸಿಕೊಂಡೇ ಬಿಟ್ಟಳು. ಯಾವ ಮಂತ್ರಿಗಿರಿಯೂ ಇರಲಿಲ್ಲ ಅವಳಿಗೆ.

ಇದೆಲ್ಲ ಬರೀ ಕಲ್ಪನೆ, ಮೇಷ್ಟ್ರು ಹೀಗೆಲ್ಲ ಮಾಡುತ್ತಾರಾ ಅಂತ ಯಾರಿಗಾದರೂ ಅನ್ನಿಸಿದರೆ ಒಂದು ವಿಷಯ. ಪೆರೋಟಾ ಅವರಿಗೆ ಕಥೆ ಹೊಳೆದಿದ್ದು ನಡೆದ ಘಟನೆಯಿಂದ. 1992ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಹೈಸ್ಕೂಲಿನಲ್ಲಿ, ವಾರ್ಷಿಕೋತ್ಸವದ ರಾಣಿಯಾಗಿ ಮಕ್ಕಳು ಒಬ್ಬ ಗರ್ಭಿಣಿ ವಿದ್ಯಾರ್ಥಿನಿಯನ್ನು ಆರಿಸಿದ್ದರು. ಶಾಲೆಯವರು ಬೇರೆ ಹೆಸರು ಘೋಷಿಸಿ ಮತಪತ್ರಗಳನ್ನು ಸುಟ್ಟುಹಾಕಿದರು. ಮಕ್ಕಳು ಕೊಟ್ಟ ತೀರ್ಪು ದೊಡ್ಡವರಿಗೆ ಹಿಡಿಸಲಿಲ್ಲ, ಅಷ್ಟೇ ಕಾರಣ. ಸಿನಿಮಾದಲ್ಲಿ ಸುಡುವುದಿಲ್ಲ, ಮುದುರುತ್ತಾರೆ. ಸುಡಲು ನಾಲ್ಕು ಜನ ಕೂತು ತೀರ್ಮಾನ ಮಾಡಬೇಕು. ಮುದುರಲು ಒಬ್ಬ ಮನುಷ್ಯ, ಒಂದು ಕೆಟ್ಟ ಗಳಿಗೆ ಸಾಕು.

ಕೊನೆಯಲ್ಲಿ ಜಿಮ್ ಕೆಲಸ ಕಳೆದುಕೊಂಡು ನ್ಯೂಯಾರ್ಕಿಗೆ ಹೋಗಿ ಒಂದು ಮ್ಯೂಸಿಯಮ್ಮಿನಲ್ಲಿ ಗೈಡ್ ಆಗುತ್ತಾರೆ. ಒಮ್ಮೆ ವಾಷಿಂಗ್ಟನ್‌ನಲ್ಲಿ ಟ್ರೇಸಿ ದೊಡ್ಡ ಕಾರು ಹತ್ತುವುದನ್ನು ಕಂಡು, ಕೈಯಲ್ಲಿದ್ದ ಸೋಡಾ ಲೋಟವನ್ನು ಅದಕ್ಕೆ ಎಸೆದು ಓಡಿ ಹೋಗುತ್ತಾರೆ. ಆಮೇಲೆ ಮ್ಯೂಸಿಯಮ್ಮಿನಲ್ಲಿ ಮಕ್ಕಳ ಗುಂಪಿಗೆ ಪ್ರಶ್ನೆ ಕೇಳುತ್ತಾರೆ. ಒಬ್ಬ ಪುಟ್ಟ ಹುಡುಗಿ ಕೈ ಎತ್ತುತ್ತಾಳೆ. ಅವರು ಬೇರೆ ಯಾರಾದರೂ ಇದ್ದಾರಾ ಅಂತ ನೋಡುತ್ತಾರೆ. ಎಲ್ಲ ಕಳೆದುಕೊಂಡರೂ ಮನುಷ್ಯ ಕಲಿತಿಲ್ಲ.

ಈ ಸಿನಿಮಾಗೆ ಮೊದಲು ಬೇರೆ ಅಂತ್ಯ ತೆಗೆದಿದ್ದರು. ಪರೀಕ್ಷೆಗೆ ತೋರಿಸಿದ ಪ್ರೇಕ್ಷಕರು ಒಪ್ಪಲಿಲ್ಲ ಅಂತ ಬದಲಾಯಿಸಿದರು. ಆ ಹಳೆಯ ತುಣುಕು 2011ರಲ್ಲಿ ಸಂತೆಯೊಂದರಲ್ಲಿ ಮಾರಾಟಕ್ಕಿದ್ದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಸಿಕ್ಕಿತು. ಅದರಲ್ಲಿ ಜಿಮ್ ಊರಲ್ಲೇ ಕಾರು ಮಾರುತ್ತಿದ್ದಾರೆ. ಟ್ರೇಸಿ ಅಲ್ಲಿಗೆ ಬಂದು ತನ್ನ ಶಾಲೆಯ ನೆನಪಿನ ಪುಸ್ತಕ ಮುಂದಿಟ್ಟು, ಸಹಿ ಹಾಕಿ ಮಿಸ್ಟರ್ ಎಂ, ಅಂತ ಕೇಳುತ್ತಾಳೆ. ನನ್ನ ಮಟ್ಟಿಗೆ ಅದೇ ಮೇಲು. ಅಲ್ಲಿ ಆ ಹುಡುಗಿ ಕೊನೆಗೂ ಮನುಷ್ಯಳ ಹಾಗೆ ಕಾಣುತ್ತಾಳೆ. ತನಗೆ ಮೋಸ ಮಾಡಿದ ಮೇಷ್ಟ್ರ ಸಹಿಯೂ ಬೇಕು ಅನ್ನುವಷ್ಟು ಶಾಲೆಯನ್ನು ಪ್ರೀತಿಸಿದವಳು. ಥಿಯೇಟರಿಗೆ ಬಂದ ಅಂತ್ಯ ಹೆಚ್ಚು ನಗಿಸುತ್ತದೆ, ಹೆಚ್ಚು ಕಹಿ. ಅದೂ ಸರಿ.

ಮಕ್ಕಳಿಗೆ ತೋರಿಸುವ ಸಿನಿಮಾ ಇದಲ್ಲ, ಮಾತು ದೃಶ್ಯ ಎರಡೂ ದೊಡ್ಡವರಿಗೆ. ಮೇಷ್ಟ್ರುಗಳು ನೋಡಬೇಕು. ಶಿಕ್ಷಕರ ತರಬೇತಿಯಲ್ಲಿ ಸ್ಲೈಡ್ ಮೇಲೆ ಸ್ಲೈಡ್ ತೋರಿಸುವ ಬದಲು ಒಂದು ಮಧ್ಯಾಹ್ನ ಇದನ್ನು ಹಾಕಿ, ಆಮೇಲೆ ಮಾತಾಡಲು ಬಿಟ್ಟರೆ ಎಷ್ಟು ಉಪಯೋಗ ಆದೀತು.

ಈ ವರ್ಷದ ಶಾಲಾ ಸಂಸತ್ತಿನ ಸಭೆಯಲ್ಲಿ ನಾನು ಎರಡು ವಿಷಯ ಮುಂದಿಟ್ಟೆ. ನಾಯಕ ಹುಡುಗ, ಉಪನಾಯಕಿ ಹುಡುಗಿ ಅನ್ನುವ ಹಂಚಿಕೆ ಬೇಡ, ಯಾರು ಬೇಕಾದರೂ ಯಾವುದಕ್ಕೂ ನಿಲ್ಲಲಿ. ಎಣಿಕೆ ಸ್ಟಾಫ್ ರೂಮಿನಲ್ಲಿ ಬೇಡ, ಮೈದಾನದ ಕಟ್ಟೆ ಮೇಲೆ ಮಕ್ಕಳ ಎದುರೇ ಆಗಲಿ, ಪ್ರತಿ ಅಭ್ಯರ್ಥಿಗೂ ಒಬ್ಬ ಏಜೆಂಟ್ ಇರಲಿ. ಎರಡನೆಯದಕ್ಕೆ ಎಲ್ಲರೂ ಒಪ್ಪಿದರು. ಮೊದಲನೆಯದಕ್ಕೆ ತಾಸುಗಟ್ಟಲೆ ವಾದ ಆಯಿತು, ಮುಂದಿನ ಸಭೆಗೆ ಹೋಗಿದೆ. ಹುಡುಗಿಯರೇ ಎಲ್ಲ ಸ್ಥಾನಕ್ಕೂ ನಿಂತು ಗೆದ್ದುಬಿಟ್ಟರೆ ಏನು ಮಾಡುವುದು ಅಂತ ಒಬ್ಬರ ಚಿಂತೆ. ಗೆದ್ದರೆ ಗೆದ್ದವರಿಗೆ ಪ್ರಮಾಣ ವಚನ ಬೋಧಿಸುವುದು ಅಂದೆ. ಹತ್ತನೇ ಕ್ಲಾಸಿನ ಮೂವರು ಹುಡುಗಿಯರು ನಾಯಕ ಸ್ಥಾನಕ್ಕೆ ನಾಮಪತ್ರದ ಹಾಳೆ ಕೇಳಿ ಹೋಗಿದ್ದಾರೆ.